ಆಕ್ಸಿನ್ನಿನ ಶೋಧನೆ: ಹೆಸರೂ ವಸ್ತುವೂ

ಶಬ್ದಾರ್ಥಗಳ ಸಂಬಂಧವು ನಿತ್ಯವೆಂದು ಮೀಮಾಂಸಕರೂ, ಸಂಕೇತದಿಂದ ಉಂಟಾದುದೆಂದು ನೈಯಾಯಿಕರೂ ವಾದಿಸುವರು. ಈ ವಾದವು ಹೇಗೇ ಇರಲಿ, ಹೆಸರಿದ್ದಲ್ಲೆಲ್ಲ ವಸ್ತುವೂ ಇರಬೇಕೆಂಬ ನಿಯಮವಿಲ್ಲವೆಂಬುದನ್ನು ಇಬ್ಬರೂ ಬಲ್ಲರು. ಮೊಲದ ಕೊಂಬು, ಬಂಜೆಯ ಮಗ ಮೊದಲಾದ ದೃಷ್ಟಾಂತಗಳು ಹುಟ್ಟಿದುದು ಇದಕ್ಕಾಗಿಯೇ. ಇವು ಪಾಠಶಾಲೆಯ ವಿನೋದಗಳು ಮಾತ್ರವೆಂದು ಎಣಿಸತಕ್ಕದ್ದಲ್ಲ. ಕಳೆದ ಶತಮಾನದ ಸಸ್ಯವಿಜ್ಞಾನದಲ್ಲಿ ಇಂಥದೇ ಒಂದು ಪ್ರಸಂಗವು ನಿಜವಾಗಿ ನಡೆದುಹೋಗಿದೆ. ಗಿಡದ ಬೆಳವಣಿಗೆಯನ್ನು ನಡೆಸುವ ಒಂದು ದ್ರವ್ಯವುಂಟೆಂಬುದು, ಅದನ್ನು ಯಾರೂ ಕಾಣುವುದಕ್ಕೆ ಮುಂಚೆಯೇ, ಅನುಮಾನಪ್ರಮಾಣದಿಂದ ಸಿದ್ಧವಾಯಿತು. ಬಳಿಕ ಅದಕ್ಕೊಂದು ಹೆಸರು ಬಂದಿತು. ಆ ಹೆಸರು ಹೋಗಿ ಇಲ್ಲದ ಎರಡು ದ್ರವ್ಯಗಳಿಗೆ ಅಂಟಿಕೊಂಡಿತು. ಇದ್ದ ದ್ರವ್ಯಕ್ಕೆ ‘ಬೇರೆಯದು’ ಎಂಬ ಉಪಸರ್ಗವನ್ನು ಹಚ್ಚಿ ಪಕ್ಕಕ್ಕೆ ಇಟ್ಟುದಾಯಿತು. ಈ ತಪ್ಪು ಪೂರ್ಣವಾಗಿ ಕಳಚಲು ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಆಕ್ಸಿನ್ ಎಂಬುದೇ ಆ ಹೆಸರು.

ಮೊದಲು ಪಾರಿಭಾಷಿಕ ಪದಗಳ ವಿಚಾರ. ಹಾರ್ಮೋನು ಎಂಬ ಮಾತನ್ನು ಲಂಡನ್ನಿನ ಶರೀರಶಾಸ್ತ್ರಜ್ಞನಾದ ಅರ್ನೆಸ್ಟ್ ಸ್ಟಾರ್ಲಿಂಗನು ೧೯೦೫ರಲ್ಲಿ ಬಳಕೆಗೆ ತಂದನು. ಎಬ್ಬಿಸು, ಪ್ರೇರಿಸು ಎಂಬ ಅರ್ಥವುಳ್ಳ ಗ್ರೀಕ್ ಧಾತುವಿನಿಂದ ಇದು ನಿಷ್ಪನ್ನವಾಗಿದೆ. ದೇಹದ ಒಂದು ಅಂಗದಲ್ಲಿ ಹುಟ್ಟಿ, ಬೇರೊಂದು ಅಂಗಕ್ಕೆ ಸಾಗಿ, ಅಲ್ಲಿ ಅತ್ಯಲ್ಪ ಪ್ರಮಾಣದಿಂದಲೇ ಕಾರ್ಯವನ್ನು ಉಂಟುಮಾಡುವ ದ್ರವ್ಯವೆಂದು ಇದರ ಅರ್ಥ. ಕನ್ನಡದಲ್ಲಿ ಚೋದಕವೆಂದರೆ ಸಲ್ಲುವುದು. ಆಕ್ಸಿನ್ ಎಂಬುದಾದರೋ ಬೆಳೆ, ಹೆಚ್ಚು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದುದು. ತೌಲನಿಕ ಭಾಷಾಶಾಸ್ತ್ರಜ್ಞರು ಈ ಧಾತುವನ್ನೂ ಸಂಸ್ಕೃತದ ‘ಓಜಸ್’ ಶಬ್ದವನ್ನೂ ಒಂದೇ ಮೂಲಕ್ಕೆ ಸೇರಿಸುವರು. ಈ ನಂಟು ಸೊಗಸಾದುದೇ ಸರಿ. ಆದರೆ ಇದನ್ನು ಹಿಡಿದು ಆಯುರ್ವೇದದ ಓಜಸ್ಸೇ ಆಕ್ಸಿನ್ ಎಂದು ಹೇಳಹೊರಟರೆ, ಶಬ್ದದ ನಂಟನ್ನು ವಸ್ತುವಿನ ನಂಟೆಂದು ಭ್ರಮಿಸಿದಂತಾಗುವುದು.

ಕಿಟಕಿಯ ಬಳಿ ಇಟ್ಟ ಗಿಡವು ಬೆಳಕಿನ ಕಡೆಗೆ ಬಾಗುವುದು ಎಲ್ಲರೂ ಕಂಡ ಸಂಗತಿ. ಬಾಗುವುದು ಕಾಂಡ, ಆದರೆ ಬೆಳಕನ್ನು ಅರಿಯುವುದು ಯಾವ ಭಾಗ? ಈ ಪ್ರಶ್ನೆಯನ್ನು ಬಿಡಿಸಿ ಕೇಳಿದವನು ಚಾರ್ಲ್ಸ್ ಡಾರ್ವಿನ್ನನು. ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ತನ್ನ ಮನೆಯಲ್ಲಿ, ಮಗನಾದ ಫ್ರಾನ್ಸಿಸನ ನೆರವಿನಿಂದ, ಕೆನರಿ ಹುಲ್ಲಿನ ಎಳೆಯ ಮೊಳಕೆಗಳ ಮೇಲೆ ಅವನು ಪರೀಕ್ಷೆಗಳನ್ನು ನಡೆಸಿದನು. ಹುಲ್ಲಿನ ಜಾತಿಯ ಸಸ್ಯಗಳಲ್ಲಿ ಮೊದಲ ಎಲೆಯನ್ನು ಸುತ್ತಿಕೊಂಡು ಒಂದು ಕೊಳವೆಯಂಥ ಪೊರೆಯು ನೆಲದಿಂದ ಮೇಲಕ್ಕೆ ಬರುವುದು, ಇದನ್ನು ಅಂಕುರಕವಚವೆನ್ನಬಹುದು. ಇದರ ತುದಿಗೆ ಬೆಳಕು ಹೊಗದಂತೆ ತೆಳುವಾದ ತವರದ ತಗಡಿನ ಟೊಪ್ಪಿಗೆಯನ್ನು ತೊಡಿಸಿದರೆ ಮೊಳಕೆಯು ಬಾಗಲಿಲ್ಲ. ಬೆಳಕನ್ನು ಬಿಡುವ ಗಾಜಿನ ಹೊದಿಕೆಯನ್ನು ಇಟ್ಟರೆ ಬಾಗಿತು. ತುದಿಯನ್ನು ಬಿಟ್ಟು ಕೆಳಭಾಗವನ್ನೆಲ್ಲ ನುಣುಪಾದ ಕಪ್ಪು ಮರಳಿನಿಂದ ಮುಚ್ಚಿದರೂ ಬಾಗಿತು. ತುದಿಯನ್ನು ಕತ್ತರಿಸಿಬಿಟ್ಟರೆ ಬಾಗಲಿಲ್ಲ. ಎಂದಮೇಲೆ ಬೆಳಕನ್ನು ಅರಿಯುವುದು ತುದಿ; ಬಾಗುವುದು ಅದರ ಕೆಳಗಿನ ಭಾಗ. ಇವೆರಡರ ನಡುವೆ ಏನೋ ಒಂದು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಆ ‘ಏನೋ’ ಯಾವುದೆಂದು ಡಾರ್ವಿನ್ನನು ಹೇಳಲಿಲ್ಲ. ಪ್ರಭಾವವೆಂಬ ಸಾಮಾನ್ಯವಾದ ಮಾತಿನಿಂದ ಅದನ್ನು ಕರೆದು ಸುಮ್ಮನಾದನು. ತಿಳಿಯದ ವಸ್ತುವಿಗೆ ತಿಳಿದಂತೆ ಹೆಸರಿಡದೆ ಹೋದುದು ಅವನ ವಿವೇಕ. ಗಿಡಗಳ ಚಲನೆಯನ್ನು ಕುರಿತ ಆತನ ಗ್ರಂಥವು ೧೮೮೦ರಲ್ಲಿ ಪ್ರಕಟವಾಯಿತು.

ಗ್ರಂಥಕ್ಕೆ ಪಂಡಿತರ ಮನ್ನಣೆಯು ಕೂಡಲೇ ದೊರೆಯಲಿಲ್ಲ. ವಿಯೆನ್ನಾ ನಗರದ ಯೂಲಿಯುಸ್ ವೀಸ್ನರನು ೧೮೮೧ರಲ್ಲಿ ಒಂದು ಪುಸ್ತಕವನ್ನೇ ಬರೆದು ಖಂಡಿಸಿದನು. ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನಲ್ಲಿ ಸಸ್ಯಶರೀರಶಾಸ್ತ್ರದ ಆಚಾರ್ಯಪೀಠದಲ್ಲಿದ್ದ ಯೂಲಿಯುಸ್ ಸಾಕ್ಸನು, ಹಳ್ಳಿಯ ಮನೆಯಲ್ಲಿ ಕುಳಿತು ಮಾಡಿದ ಈ ಪರೀಕ್ಷೆಗಳಲ್ಲಿ ಕೈಚಳಕವೂ ಸಾಲದು, ಅರ್ಥವಿವರಣೆಯೂ ಸಲ್ಲದು ಎಂಬ ಧಾಟಿಯಲ್ಲಿ ಆಕ್ಷೇಪಿಸಿದನು. ಫ್ರಾನ್ಸಿಸ್ ಡಾರ್ವಿನ್ನನು ಇದೇ ಸಾಕ್ಸನ ಪ್ರಯೋಗಶಾಲೆಯಲ್ಲಿ ಕೆಲಸ ಕಲಿತವನು ಎಂಬುದು ಈ ಜಗಳಕ್ಕೆ ಇನ್ನಷ್ಟು ಕಹಿಯನ್ನು ಕೂಡಿಸಿತು. ವಿಚಿತ್ರವೆಂದರೆ, ಗಿಡದ ಬೇರು, ಹೂ ಮೊದಲಾದ ಅಂಗಗಳು ಹುಟ್ಟುವುದಕ್ಕೆ ಅದರದರ ವಿಶೇಷ ದ್ರವ್ಯಗಳೇ ಕಾರಣವೆಂಬ ಮತವನ್ನು ಅದೇ ವರ್ಷಗಳಲ್ಲಿ ಮಂಡಿಸಿದವನೂ ಸಾಕ್ಸನೇ. ಡಾರ್ವಿನ್ನನ ಕೈಯಲ್ಲಿ ಪರೀಕ್ಷೆಯಿತ್ತು, ದ್ರವ್ಯದ ಕಲ್ಪನೆಯಿರಲಿಲ್ಲ; ಸಾಕ್ಸನಲ್ಲಿ ಕಲ್ಪನೆಯಿತ್ತು, ಅದಕ್ಕೆ ತಕ್ಕ ಪರೀಕ್ಷೆಯಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಶಾಂತವಾಗಿ ಓದಿದ್ದರೆ ಮುಂದಿನ ಮೂವತ್ತು ವರ್ಷಗಳ ಶ್ರಮವು ಎಷ್ಟೋ ಕಡಿಮೆಯಾಗುತ್ತಿತ್ತೇನೋ. ತುದಿಯ ವಿಷಯದಲ್ಲಿ ಡಾರ್ವಿನ್ನನ ಮಾತು ಬಹುಮಟ್ಟಿಗೆ ಸರಿಯೆಂಬುದನ್ನು ೧೮೯೪ರಲ್ಲಿ ರೋಥೆರ್ಟನು ಎಚ್ಚರಿಕೆಯ ಪರೀಕ್ಷೆಗಳಿಂದ ಸ್ಥಾಪಿಸಿದನು.

ಇಳಿದುಬರುವುದು ದ್ರವ್ಯವೋ, ಪ್ರಾಣಿಗಳ ನರಗಳಲ್ಲಿ ಹರಿಯುವಂಥ ಬರಿಯ ಕ್ಷೋಭೆಯೋ ಎಂಬುದು ಅನಂತರದ ಪ್ರಶ್ನೆ. ಸಸ್ಯಗಳಲ್ಲಿಯೂ ವಿದ್ಯುತ್ ರೂಪದ ಕ್ಷೋಭೆಯು ನರದಲ್ಲಿಯಂತೆ ಹರಿಯುವುದೆಂದು ಕಲ್ಕತ್ತೆಯ ಜಗದೀಶಚಂದ್ರ ಬೋಸರು ಎತ್ತಿಹಿಡಿದಿದ್ದುದು ಇದೇ ಕಾಲದಲ್ಲಿ. ಅವರು ಹೇಳಿದ ವಿದ್ಯುತ್ಕ್ಷೋಭೆಯು ಸಸ್ಯಗಳಲ್ಲಿ ಇರುವುದು ನಿಜ; ಆದರೆ ಮೊಳಕೆಯ ಬಾಗುವಿಕೆಗೆ ಸಾಕ್ಷಾತ್ ಕಾರಣವು ಬೇರೆಯೆಂಬುದು ಮುಂದೆ ತಿಳಿದುಬಂದಿತು. ಡೆನ್ಮಾರ್ಕಿನ ಪೇಟರ್ ಬಾಯ್ಸನ್ ಯೆನ್ಸನನು ೧೯೧೦ರಿಂದ ೧೯೧೩ರ ವರೆಗೆ ಮಾಡಿದ ಪರೀಕ್ಷೆಗಳು ತರ್ಕಶಾಸ್ತ್ರವನ್ನು ಓದಿದವರಿಗೆ ಮೆಚ್ಚಿಕೆಯಾಗುವಂಥವು. ಓಟ್ ಧಾನ್ಯದ ಮೊಳಕೆಯ ತುದಿಯನ್ನು ಕತ್ತರಿಸಿ, ನಡುವೆ ಜಿಲೆಟಿನ್ನಿನ ತೆಳುಹಾಳೆಯನ್ನು ಇಟ್ಟು, ಮತ್ತೆ ತುದಿಯನ್ನು ಕೂರಿಸಿದನು. ಮೊಳಕೆಯು ಬೆಳಕಿಗೆ ಬಾಗಿತು. ಜೀವಕೋಶಗಳ ಸಂಬಂಧವು ಕಡಿದುಹೋದರೂ ಪ್ರಭಾವವು ದಾಟಿತೆಂದಮೇಲೆ ಅದು ನೀರಿನಲ್ಲಿ ಕರಗಿ ಹರಿಯುವ ವಸ್ತುವೇ ಆಗಿರಬೇಕು. ಇನ್ನು ಕಾಗೆಬಂಗಾರದ ಹಲ್ಲೆಯನ್ನು, ಎಂದರೆ ಏನನ್ನೂ ಬಿಡದ ಅಭ್ರಕವನ್ನು, ಮೊಳಕೆಯ ನೆರಳಿನ ಪಾರ್ಶ್ವದಲ್ಲಿ ಅರ್ಧದವರೆಗೆ ಸೇರಿಸಿದರೆ ಬಾಗುವಿಕೆಯು ನಿಂತಿತು. ಬೆಳಕಿನ ಪಾರ್ಶ್ವದಲ್ಲಿ ಸೇರಿಸಿದರೆ ನಿಲ್ಲಲಿಲ್ಲ. ದಾರಿಯಿದ್ದರೆ ಕಾರ್ಯವುಂಟು, ದಾರಿಯಿಲ್ಲದಿದ್ದರೆ ಕಾರ್ಯವಿಲ್ಲ. ಆ ದಾರಿಯೂ ನೆರಳಿನ ಕಡೆಯದು. ಅನ್ವಯವೂ ವ್ಯತಿರೇಕವೂ ಒಂದೇ ಮೊಳಕೆಯಲ್ಲಿ ಕಾಣಿಸಿಕೊಂಡುವು.

ಹಂಗೆರಿಯ ಆರ್ಪಾಡ್ ಪಾಲನು ೧೯೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಸರಳ. ಕತ್ತರಿಸಿದ ತುದಿಯನ್ನು ಕತ್ತಲೆಯಲ್ಲಿಯೇ ಮೊಂಡಾದ ಮೊಳಕೆಯ ಒಂದು ಮಗ್ಗುಲಿಗೆ ಸರಿಸಿ ಇಟ್ಟನು. ಬೆಳಕೇ ಇಲ್ಲದಿದ್ದರೂ ಮೊಳಕೆಯು ಎದುರು ಮಗ್ಗುಲಿಗೆ ಬಾಗಿತು. ತುದಿಯು ಕುಳಿತ ಮಗ್ಗುಲು ಹೆಚ್ಚಾಗಿ ಬೆಳೆದುದೇ ಇದಕ್ಕೆ ಕಾರಣ. ಆದುದರಿಂದ ತುದಿಯಿಂದ ಇಳಿಯುವ ದ್ರವ್ಯವು ಬೆಳಕಿಗೆ ಸಂಬಂಧಪಟ್ಟ ವಿಶೇಷ ದೂತನಲ್ಲ. ಸದಾಕಾಲವೂ ಸುತ್ತಲೂ ಸಮನಾಗಿ ಇಳಿದು ಬೆಳವಣಿಗೆಯನ್ನು ನಡೆಸುತ್ತಿರುವಂಥದು. ಬೆಳಕು ಮಾಡುವುದು ಅದರ ಹಂಚಿಕೆಯನ್ನು ಕೆಡಿಸುವ ಕೆಲಸವನ್ನು ಮಾತ್ರ.

ಇಷ್ಟಾದರೂ ದ್ರವ್ಯವು ಗಿಡದ ಹೊರಗೆ ಬಂದಿರಲಿಲ್ಲ. ಅದನ್ನು ಹೊರಕ್ಕೆ ತೆಗೆದವನು ಹಾಲೆಂಡಿನ ಉಟ್ರೆಕ್ಟ್ ನಗರದ ಫ್ರಿಟ್ಸ್ ವೆಂಟನು. ಇವನ ತಂದೆಯೇ ಅಲ್ಲಿಯ ಸಸ್ಯಶಾಸ್ತ್ರದ ಆಚಾರ್ಯನು. ೧೯೨೬ರಲ್ಲಿ ಮಗನು ಕಡ್ಡಾಯದ ಸೈನ್ಯಸೇವೆಯಲ್ಲಿದ್ದುದರಿಂದ ಹಗಲೆಲ್ಲ ಅಲ್ಲಿಯ ಕೆಲಸ. ಪರೀಕ್ಷೆಗಳಿಗೆ ರಾತ್ರಿಯೇ ಗತಿ. ಅವನು ಮೊಳಕೆಯ ತುದಿಗಳನ್ನು ಕತ್ತರಿಸಿ, ಅಡುಗೆಮನೆಗಳಲ್ಲಿ ಚೈನಾಗ್ರಾಸ್ ಎಂದು ಬಳಕೆಯಲ್ಲಿರುವ ಅಗಾರಿನ ಹೆಪ್ಪಿನ ಮೇಲೆ ಕೆಲವು ಕಾಲ ಇರಿಸಿದನು. ಅನಂತರ ತುದಿಗಳನ್ನು ಎಸೆದು, ಹೆಪ್ಪನ್ನು ಸಣ್ಣ ತುಂಡುಗಳಾಗಿ ಕೊಯ್ದು, ಒಂದೊಂದು ತುಂಡನ್ನು ಮೊಂಡಾದ ಮೊಳಕೆಗಳ ಒಂದು ಮಗ್ಗುಲಿಗೆ ಇಟ್ಟನು. ಮೊಳಕೆಗಳು ಬಾಗಿದುವು. ತುದಿಯ ಸೋಂಕಿಲ್ಲದ ಬರಿಯ ಹೆಪ್ಪನ್ನು ಇಟ್ಟ ಮೊಳಕೆಗಳು ಬಾಗಲಿಲ್ಲ. ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ ಇದನ್ನು ಕಂಡು ಆತನು ತಂದೆಯ ಮಲಗುವ ಮನೆಗೆ ಓಡಿದನೆಂದೂ, ನಿದ್ದೆಗಣ್ಣಿನ ತಂದೆಯು, ಹಗಲಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸು, ನಿಜವಾಗಿದ್ದರೆ ಮತ್ತೆಯೂ ಆಗುವುದು ಎಂಬ ಅಭಿಪ್ರಾಯವನ್ನು ತಿಳಿಸಿ ಮಗ್ಗುಲಾದನೆಂದೂ ವೆಂಟನೇ ಮುಂದೆ ನೆನೆದಿರುವನು. ಮುಂದಿನ ಕಥೆಯನ್ನು ಬಲ್ಲವರಿಗೆ ಈ ತಂದೆಯ ಮಾತು ಬರಿಯ ಗೃಹಕೃತ್ಯದ ಮಾತಾಗಿ ಕಾಣದು.

ವೆಂಟನು ಅಲ್ಲಿಗೇ ನಿಲ್ಲಲಿಲ್ಲ. ಮೊಳಕೆಯು ಬಾಗುವ ಕೋನವು, ಒಂದು ಮಿತಿಯವರೆಗೆ, ಹೆಪ್ಪಿನಲ್ಲಿರುವ ದ್ರವ್ಯದ ಪ್ರಮಾಣಕ್ಕೆ ಅನುಗುಣವಾಗಿ ಹೆಚ್ಚುವುದೆಂದು ಕಂಡುಕೊಂಡನು. ಕಣ್ಣಿಗೆ ಕಾಣದ, ತೂಕಕ್ಕೆ ಸಿಕ್ಕದ ವಸ್ತುವನ್ನು ಅಳೆಯುವುದಕ್ಕೆ ಹೀಗೆ ಒಂದು ಅಳತೆಗೋಲು ದೊರೆಯಿತು. ಒಂದು ಪಕ್ಕದಿಂದ ಬೆಳಕು ಬಿದ್ದ ತುದಿಯನ್ನು ಎರಡು ಹೆಪ್ಪಿನ ತುಂಡುಗಳ ಮೇಲೆ, ನಡುವೆ ಅಡ್ಡಗೋಡೆಯಿಟ್ಟು, ಕೂರಿಸಿದಾಗ ನೆರಳಿನ ಕಡೆಯ ತುಂಡಿನಲ್ಲಿ ಬೆಳಕಿನ ಕಡೆಯದಕ್ಕಿಂತ ಸುಮಾರು ಇಮ್ಮಡಿಯಷ್ಟು ದ್ರವ್ಯವು ಸೇರಿತ್ತು. ಇದೇ ಅಭಿಪ್ರಾಯಕ್ಕೆ ಕೀವ್ ನಗರದ ನಿಕೊಲಾಯ್ ಖೊಲೊಡ್ನಿಯೂ ಬೇರೆಯಾಗಿ ಬಂದಿದ್ದನು. ಆದುದರಿಂದ ಈ ಸಿದ್ಧಾಂತಕ್ಕೆ ಇಬ್ಬರ ಹೆಸರೂ ಸೇರಿದೆ. ೧೯೨೮ರಲ್ಲಿ ವೆಂಟನ ಪ್ರಬಂಧವು ಹೊರಬಂದಿತು. ಅದರಲ್ಲಿ ಆತನು ಬಳಸಿದುದು ‘ವೃದ್ಧಿದ್ರವ್ಯ’ ಎಂಬ ಅರ್ಥದ ಒಂದು ಸಾಮಾನ್ಯ ಪದವನ್ನು. ಈವರೆಗಿನ ಐವತ್ತು ವರ್ಷಗಳ ಸಿದ್ಧಿಯೆಲ್ಲವೂ ವಿಶೇಷನಾಮದ ಹಂಗಿಲ್ಲದೆ ಆದುದೆಂಬುದನ್ನು ಗಮನಿಸಬೇಕು.

ಹೆಸರು ಬಂದುದು ರಸಾಯನಶಾಸ್ತ್ರಜ್ಞರಿಂದ. ೧೯೩೦ರಲ್ಲಿ ಉಟ್ರೆಕ್ಟಿಗೆ ಆಚಾರ್ಯನಾಗಿ ಬಂದ ಫ್ರಿಟ್ಸ್ ಕೋಗ್ಲನು ಆಗಲೇ ಒಳ್ಳೆಯ ಹೆಸರು ಪಡೆದಿದ್ದವನು. ಮೊಳಕೆಯ ತುದಿಗಳಲ್ಲಿ ದ್ರವ್ಯವು ಲೇಶಮಾತ್ರ ಇರುವುದರಿಂದ ಅವುಗಳಿಂದ ಅದನ್ನು ಕೂಡಿಹಾಕುವುದು ಆಗದ ಮಾತು. ಆದಕಾರಣ ಓಟ್ ಮೊಳಕೆಯ ಪರೀಕ್ಷೆಯನ್ನೇ ದಾರಿದೀಪವಾಗಿ ಹಿಡಿದು ಬೇರೆ ಬೇರೆ ಪದಾರ್ಥಗಳನ್ನು ಶೋಧಿಸಿದಾಗ, ಮನುಷ್ಯನ ಮೂತ್ರದಲ್ಲಿಯೇ ಅದು ಹೇರಳವಾಗಿ ಕಂಡಿತು. ಗಿಡದ ಚೋದಕವನ್ನು ಮೂತ್ರದಲ್ಲಿ ಅರಸುವುದು ಓದುಗರಿಗೆ ವಿಚಿತ್ರವೆನಿಸಬಹುದು. ತಿಂದ ಆಹಾರದಿಂದಲೂ ಕರುಳಿನ ಸೂಕ್ಷ್ಮಜೀವಿಗಳ ಕ್ರಿಯೆಯಿಂದಲೂ ಇಂಥ ದ್ರವ್ಯಗಳು ಅಲ್ಲಿಗೆ ಬಂದು ಸೇರುವುವು. ಕೋಗ್ಲನೂ ಅವನ ಸಹಾಯಕನಾದ ಹಾಗೆನ್ ಸ್ಮಿಟ್ಟನೂ ೧೯೩೧ರಲ್ಲಿ ಒಂದು ದ್ರವ್ಯವನ್ನು ಶುದ್ಧ ಹರಳಾಗಿ ಬೇರ್ಪಡಿಸಿದೆವೆಂದು ಸಾರಿ, ಅದಕ್ಕೆ ಆಕ್ಸಿನ್ ಎಂದು ಹೆಸರಿಟ್ಟರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಮೆಕ್ಕೆಜೋಳದ ಎಣ್ಣೆ, ಮೊಳೆತ ಬಾರ್ಲಿ ಇವುಗಳಿಂದಲೂ ಬೇರ್ಪಡಿಸಿದೆವೆಂದರು. ಆಕ್ಸಿನ್-ಎ, ಆಕ್ಸಿನ್-ಬಿ ಎಂದು ದ್ರವ್ಯವು ಎರಡಾಯಿತು. ಎರಡಕ್ಕೂ ಅಣುರಚನೆಯ ಸೂತ್ರಗಳು ನಿಶ್ಚಿತವಾದುವು.

೧೯೩೪ರಲ್ಲಿ ಅದೇ ಪ್ರಯೋಗಶಾಲೆಯು ಅದೇ ಮೂತ್ರದಿಂದ ಮೂರನೆಯದೊಂದು ದ್ರವ್ಯವನ್ನು ತೆಗೆಯಿತು. ಇದು ಇಂಡೋಲ್ ಅಸಿಟಿಕ್ ಆಮ್ಲ. ರಸಾಯನಶಾಸ್ತ್ರಜ್ಞರಿಗೆ ಹಿಂದಿನಿಂದ ಪರಿಚಯವಿದ್ದ, ಸಾಮಾನ್ಯವಾದ, ಸಣ್ಣ ಅಣುವಿನ ವಸ್ತು. ಇದೂ ಮೊಳಕೆಯನ್ನು ಚೆನ್ನಾಗಿ ಬಾಗಿಸಿತು. ಆದರೆ ಆಕ್ಸಿನ್ ಎಂಬ ಪಟ್ಟವು ಆಗಲೇ ಇನ್ನೊಬ್ಬರಿಗೆ ಆಗಿಹೋಗಿದ್ದುದರಿಂದ ಇದಕ್ಕೆ ‘ಹೆಟಿರೊ-ಆಕ್ಸಿನ್’ ಎಂದು ಹೆಸರಾಯಿತು. ಹೆಟಿರೊ ಎಂದರೆ ಅನ್ಯ, ಇತರ. ಬೂಷ್ಟು, ಯೀಸ್ಟು ಮೊದಲಾದ ಕೀಳು ಜೀವಿಗಳಲ್ಲಿ ಇದು ಸಿಕ್ಕುವುದರಿಂದ ಅಂಥವುಗಳಿಗೆ ಸೇರಿದುದೆಂದೂ, ಎತ್ತರದ ಗಿಡಗಳ ನಿಜವಾದ ಚೋದಕಗಳು ಎ ಮತ್ತು ಬಿ ಎಂದೂ ಪಂಕ್ತಿಭೇದವು ಏರ್ಪಟ್ಟಿತು.

ಈ ಪಂಕ್ತಿಭೇದಕ್ಕೆ ಪ್ರಮಾಣವೇ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾಗುವುದು. ಹೆಪ್ಪಿನ ಮೂಲಕ ದ್ರವ್ಯವು ಹರಡುವ ವೇಗದಿಂದ ಅದರ ಅಣುತೂಕವನ್ನು ಊಹಿಸಬಹುದು. ವೆಂಟನು ಹೀಗೆ ಲೆಕ್ಕ ಹಾಕಿ ಓಟ್ ತುದಿಯ ದ್ರವ್ಯಕ್ಕೆ ಸುಮಾರು ೩೭೬ ಎಂಬ ಸಂಖ್ಯೆಯನ್ನು ಪಡೆದಿದ್ದನು. ಆಕ್ಸಿನ್-ಎ ದ್ರವ್ಯದ ಅಣುತೂಕ ೩೨೮. ಇಂಡೋಲ್ ಅಸಿಟಿಕ್ ಆಮ್ಲದ್ದಾದರೋ ೧೭೫. ಮೂರರಲ್ಲಿ ಯಾವುದು ಯಾವುದಕ್ಕೆ ಹತ್ತಿರವೆಂಬುದು ಸ್ಪಷ್ಟವಾಗಿಯೇ ಇತ್ತು. ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಕಾಯಿಸಿದಾಗ ಯಾವುದು ಉಳಿಯುವುದು, ಯಾವುದು ಕೆಡುವುದು ಎಂಬ ಇನ್ನೊಂದು ಪರೀಕ್ಷೆಯೂ ಬಳಕೆಯಲ್ಲಿತ್ತು. ಹೇತುಗಳು ಇದ್ದುವು, ಆದರೆ ಅವು ಸದ್ಧೇತುಗಳಾಗಿರಲಿಲ್ಲ. ಹರಡುವ ವೇಗದ ಅಳತೆಯು ಸೂಕ್ಷ್ಮವಾದುದು, ಸುತ್ತಣ ಸ್ಥಿತಿಗಳಿಂದ ಬಹಳವಾಗಿ ಏರುಪೇರಾಗುವಂಥದು. ಬೇರೆ ಕಾರಣಗಳಿಂದಲೂ ಬರಬಹುದಾದ ಸಂಖ್ಯೆಯಿಂದ ಒಂದೇ ಕಾರಣವನ್ನು ಸಾಧಿಸಹೊರಡುವುದು ವ್ಯಭಿಚಾರದೋಷಕ್ಕೆ ಒಳ್ಳೆಯ ಉದಾಹರಣೆ. ೧೯೩೭ರಲ್ಲಿ ಅಮೆರಿಕೆಯಲ್ಲಿ ನೆಲೆಸಿದ್ದ ವೆಂಟನೂ ಕೆನೆತ್ ತೀಮನನೂ ಸಸ್ಯಚೋದಕಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು ಎ, ಬಿ ಆಕ್ಸಿನ್‌ಗಳಿಗೆ ಅವುಗಳ ಸ್ಥಾನವನ್ನು ಕೊಟ್ಟಿತು. ಇಂಡೋಲ್ ಅಸಿಟಿಕ್ ಆಮ್ಲವನ್ನು ಬೂಷ್ಟಿನಿಂದ ೧೯೩೫ರಲ್ಲಿ ಬೇರ್ಪಡಿಸಿದವನು ಈ ತೀಮನನೇ. ಪಠ್ಯಪುಸ್ತಕಗಳು ಒಂದನ್ನು ನೋಡಿ ಇನ್ನೊಂದು ಬರೆದುಕೊಂಡುವು.

ಇತ್ತ ಎ, ಬಿ ಆಕ್ಸಿನ್‌ಗಳನ್ನು ಬೇರೆ ಯಾವ ಪ್ರಯೋಗಶಾಲೆಯೂ ಮತ್ತೆ ಪಡೆಯಲಾಗಲಿಲ್ಲ. ಕೋಗ್ಲನ ಕಡೆಯಿಂದ ಇದಕ್ಕೊಂದು ಸಮಾಧಾನವೂ ಇತ್ತು: ಆಕ್ಸಿನ್-ಎ ತಾನಾಗಿಯೇ ನಿಷ್ಕ್ರಿಯವಾಗಿ ಬೇರೊಂದು ರೂಪವನ್ನು ತಾಳಿಬಿಡುವುದು ಎಂದು. ಈ ಸಮಾಧಾನವನ್ನು ಸ್ವಲ್ಪ ಪರಿಶೀಲಿಸಬೇಕು. ದ್ರವ್ಯವು ಸಿಕ್ಕಿದರೆ ಅದು ಇದೆ. ಸಿಕ್ಕದಿದ್ದರೆ, ಇದ್ದು ಮಾರ್ಪಟ್ಟಿದೆ. ಇಲ್ಲವೆಂಬುದಕ್ಕೆ ಯಾವ ಸಂದರ್ಭದಲ್ಲಿಯೂ ಎಡೆಯಿಲ್ಲ. ಯೋಗ್ಯಾನುಪಲಬ್ಧಿಯಿಂದ, ಎಂದರೆ ಕಾಣಬೇಕಾದ ವಸ್ತುವು ಕಾಣದಿರುವುದರಿಂದ, ಅಭಾವವು ಸಿದ್ಧಿಸುವುದೆಂದು ನಮ್ಮ ಶಾಸ್ತ್ರಗಳು ಹೇಳುವುವು. ವಸ್ತುವಿಗೆ ಕಾಣುವ ಯೋಗ್ಯತೆಯನ್ನೇ ತೆಗೆದುಬಿಟ್ಟರೆ ವಾದವು ಎಂದಿಗೂ ಮುಗಿಯದು. ಅದೇ ಪ್ರಯೋಗಶಾಲೆಯಿಂದ ೧೯೩೯ರಲ್ಲಿ ಹೊರಟ, ಅರ್ಬುದರೋಗದ ಗೆಡ್ಡೆಗಳ ಪ್ರೋಟೀನಿನಲ್ಲಿ ಅಸಾಮಾನ್ಯ ರೂಪದ ಗ್ಲುಟಾಮಿಕ್ ಆಮ್ಲವಿದೆಯೆಂಬ ಇನ್ನೊಂದು ವಾರ್ತೆಯೂ ಹೊರಗಿನ ಪರೀಕ್ಷಕರ ಕೈಯಲ್ಲಿ ನಿಲ್ಲಲಿಲ್ಲ. ಸಂದೇಹವು ಬೆಳೆಯಿತು. ಆದರೂ ಬಹಿರಂಗವಾಗಿ ನುಡಿದವರು ಕಡಿಮೆ. ಹೆಚ್ಚಿನವರು ಸುಮ್ಮನೆ ಇಂಡೋಲ್ ಅಸಿಟಿಕ್ ಆಮ್ಲದ ಕೆಲಸಕ್ಕೆ ಕೈಹಾಕಿದರು.

ಈ ಕಥೆಯಲ್ಲಿ ಎಲ್ಲಕ್ಕಿಂತ ಗಮನಾರ್ಹವಾದುದು ಹಾಗೆನ್ ಸ್ಮಿಟ್ಟನ ಪಾತ್ರ. ಆಕ್ಸಿನ್ ಎಂಬ ಹೆಸರಿನ ನಾಮಕರಣದಲ್ಲಿ ಪಾಲುಗೊಂಡಿದ್ದ ಇವನು ಅಮೆರಿಕೆಗೆ ತೆರಳಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದನು. ಅಲ್ಲಿ ಮೆಕ್ಕೆಜೋಳವನ್ನೇ ಮತ್ತೆ ಕೈಗೆ ತೆಗೆದುಕೊಂಡು, ೧೯೪೨ರಲ್ಲಿ ಅದರ ಹಿಟ್ಟಿನಿಂದಲೂ ೧೯೪೬ರಲ್ಲಿ ಹಾಲುಗಾಳಿನಿಂದಲೂ ತನ್ನ ಸಹೋದ್ಯೋಗಿಗಳೊಡನೆ ಬೇರ್ಪಡಿಸಿದುದು ಯಾವುದನ್ನು? ಎ ಅಲ್ಲ, ಬಿ ಅಲ್ಲ. ಇಂಡೋಲ್ ಅಸಿಟಿಕ್ ಆಮ್ಲವನ್ನು. ಅನ್ಯವೆಂದು ತಾನೂ ಕೂಡಿ ಹೆಸರಿಟ್ಟಿದ್ದುದೇ ಎತ್ತರದ ಗಿಡದ ಸ್ವಂತ ದ್ರವ್ಯವೆಂದು ತನ್ನ ಕೈಯಿಂದಲೇ ತೋರಿಸಿಕೊಟ್ಟಂತಾಯಿತು. ಹಿಂದಿನ ಮಾತನ್ನು ಹೀಗೆ ಕೆಲಸದಿಂದಲೇ ತಿದ್ದಿಕೊಂಡವರು ಅಪೂರ್ವ. ೧೯೪೮ರಲ್ಲಿ ಓಟ್ ಮೊಳಕೆಯ ದ್ರವ್ಯವೂ ಇದೇ ಎಂದು ವೈಲ್ಡ್‌ಮನ್, ಬಾನರ್ ಎಂಬಿಬ್ಬರು ತೋರಿಸಿದರು.

ಕೋಗ್ಲನು ೧೯೫೯ರಲ್ಲಿ ತೀರಿಕೊಂಡನು. ಅವನ ಕಾಲದ ಮಾದರಿಗಳು ಚೀಟಿಗಳ ಸಮೇತವಾಗಿ ಉಟ್ರೆಕ್ಟಿನಲ್ಲಿಯೇ ಉಳಿದಿದ್ದುವು. ೧೯೬೬ರಲ್ಲಿ ಅದೇ ಊರಿನ ಫ್ಲೀಗೆನ್‌ಟಾರ್ಟ್ ಎಂಬ ಒಂದೇ ಮನೆತನದ ಹೆಸರಿನ ಇಬ್ಬರು ವಿದ್ವಾಂಸರು ಅವುಗಳನ್ನು ದ್ರವ್ಯರಾಶಿಯನ್ನು ಅಳೆಯುವ ರೋಹಿತಯಂತ್ರಕ್ಕೆ ಒಡ್ಡಿದರು. ಈ ಯಂತ್ರವು ಅಣುವನ್ನು ಒಡೆದು ಅದರ ಚೂರುಗಳನ್ನು ತೂಗುವುದರಿಂದ ಸೂತ್ರವು ನಿಜವೋ ಸುಳ್ಳೋ ಎಂಬುದು ಅಲ್ಪ ಮಾದರಿಯಿಂದಲೇ ತಿಳಿಯುವುದು. ಆಕ್ಸಿನ್-ಎ, ಆಕ್ಸಿನ್-ಬಿ ಎಂದು ಚೀಟಿ ಹಚ್ಚಿದ ಸೀಸೆಗಳಲ್ಲಿದ್ದುವು ಪ್ರಕಟವಾದ ಸೂತ್ರಗಳ ವಸ್ತುಗಳಲ್ಲವೇ ಅಲ್ಲ. ಬೇರೆ, ಆಗಲೇ ಪರಿಚಿತವಾಗಿದ್ದ ಪದಾರ್ಥಗಳು. ತಪ್ಪು ಹೇಗೆ ಹುಟ್ಟಿತು, ಯಾರ ಕೈಯಿಂದ ಹುಟ್ಟಿತು ಎಂಬುದನ್ನು ಕುರಿತು ಅನೇಕ ಮಾತುಗಳು ನಡೆದಿವೆ. ಸತ್ತವರ ಮೇಲೆ ಊಹೆಯಿಂದ ಅಪರಾಧವನ್ನು ಹೊರಿಸುವುದರಿಂದ ಶಾಸ್ತ್ರಕ್ಕೆ ಲಾಭವಿಲ್ಲ. ಮಾಡಿದ ಪರೀಕ್ಷೆಯನ್ನು ಹಗಲಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸು ಎಂಬ ಹಿರಿಯ ವೆಂಟನ ಮಾತು ಅದೇ ಊರಿನಲ್ಲಿ ನಾಲ್ಕು ದಶಕಗಳ ತರುವಾಯ ನೆರವೇರಿತೆಂಬುದಷ್ಟೇ ನಿಶ್ಚಿತ.

ಹೆಸರು ವಸ್ತುವಿಗೆ ಓರೆಯಾಗಿ ಕೂರುವುದು ಆಕ್ಸಿನ್ನಿಗೆ ಮಾತ್ರ ಆದುದಲ್ಲ. ಬತ್ತದ ಪೈರು ಅತಿಯಾಗಿ ಎತ್ತರವಾಗಿ ಬೆಳೆದು ಸೊರಗಿ ಬೀಳುವ ರೋಗವೊಂದನ್ನು ಜಪಾನಿನ ರೈತರು ‘ಮರುಳು ಮೊಳಕೆ’ ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದರು. ಇದಕ್ಕೆ ಜಿಬ್ಬರೆಲ್ಲ ಎಂಬ ಶಿಲೀಂಧ್ರವು ಕಾರುವ ದ್ರವ್ಯವೇ ಕ��ರಣವೆಂದು ೧೯೨೬ರಲ್ಲಿ ಕುರೊಸಾವನು ತೋರಿಸಿದನು. ೧೯೩೫ರಲ್ಲಿ ಯಬುಟನು ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು. ರೋಗಾಣುವಿನ ಹೆಸರನ್ನು ಹೊತ್ತ ಈ ದ್ರವ್ಯವು ಆರೋಗ್ಯವಂತ ಗಿಡಗಳ ಸ್ವಂತ ಚೋದಕವೂ ಹೌದೆಂಬುದು ೧೯೫೦ರ ದಶಕದಲ್ಲಿ ತಿಳಿಯಿತು. ೧೮೬೬ರಲ್ಲಿ ಮೆಂಡೆಲನು ವರ್ಣಿಸಿದ ಬಟಾಣಿಯ ಉದ್ದ-ಗಿಡ್ಡ ಭೇದಕ್ಕೆ ಈ ಚೋದಕವನ್ನು ತಯಾರಿಸುವ ಒಂದು ವಂಶವಾಹಿಯ ದೋಷವೇ ಕಾರಣವೆಂಬುದು ೧೯೯೭ರಲ್ಲಿ ಗೊತ್ತಾಯಿತು. ವಿಜಯಪುರದ ದ್ರಾಕ್ಷಿಯ ತೋಟಗಳಲ್ಲಿ ಹಣ್ಣು ದಪ್ಪವಾಗಲೆಂದು ಸಿಂಪಡಿಸುವ ಔಷಧವೂ ಇದೇ. ಇನ್ನು ಎಲೆ-ಕಾಯಿಗಳನ್ನು ಉದುರಿಸುವುದೆಂದು ತಿಳಿದು ೧೯೬೦ರ ದಶಕದಲ್ಲಿ ‘ಉದುರಿಸುವ ಆಮ್ಲ’ ಎಂಬ ಅರ್ಥದಲ್ಲಿ ಹೆಸರಿಟ್ಟ ಅಬ್ಸಿಸಿಕ್ ಆಮ್ಲದ ಮುಖ್ಯ ಕೆಲಸವು ಬೀಜದ ನಿದ್ದೆಯನ್ನು ಕಾಯುವುದು, ಬರಗಾಲದಲ್ಲಿ ಎಲೆಯ ರಂಧ್ರಗಳನ್ನು ಮುಚ್ಚುವುದು. ಉದುರಿಸುವುದರಲ್ಲಿ ಮುಂದಾಳು ಎಥಿಲೀನ್ ಎಂಬ ಅನಿಲ. ನಮ್ಮ ಹಳ್ಳಿಗಳಲ್ಲಿ ಮಾವಿನ ಕಾಯನ್ನು ಹುಲ್ಲಿನಲ್ಲಿ ಅಡೆ ಹಾಕಿದಾಗ ಒಂದರ ಉಸಿರಿನಿಂದ ಇನ್ನೊಂದು ಹಣ್ಣಾಗುವುದೂ ಅದರಿಂದಲೇ.

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ಗಿಡಗಳು ಅಂತಃಸಂಜ್ಞೆಯುಳ್ಳವೆಂದು ಮನುಸ್ಮೃತಿಯಲ್ಲಿದೆ, ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ಕನ್ನಡದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಭಾಗವೇ ಇದೆ. ಎಂದಮೇಲೆ ಚೋದಕಗಳ ಜ್ಞಾನವು ನಮ್ಮವರಲ್ಲಿ ಹಿಂದೆಯೇ ಇತ್ತಲ್ಲವೇ ಎಂದು ಕೆಲವರು ಕೇಳಬಹುದು. ಲೋಕೋಪಕಾರದಂಥ ಗ್ರಂಥಗಳಲ್ಲಿರುವುದು ಅನುಭವಸಿದ್ಧವಾದ ಪ್ರಯೋಗಗಳು; ಅವುಗಳ ಬೆಲೆಯು ಸ್ವತಂತ್ರವಾದುದು, ಅವುಗಳನ್ನು ಹೊಲದಲ್ಲಿಯೇ ಪರೀಕ್ಷಿಸತಕ್ಕದ್ದು. ಅಂತಃಸಂಜ್ಞೆಯೆಂಬ ಮಾತಿನಲ್ಲಿ ಆಕ್ಸಿನ್ನನ್ನು ಓದುವುದಾದರೋ, ಖಾಲಿ ಸೀಸೆಗೆ ಚೀಟಿ ಹಚ್ಚಿದಂತೆಯೇ ಸರಿ.

ನಮ್ಮ ಶಾಸ್ತ್ರಗಳಿಗೆ ಈ ವಿಷಯದಲ್ಲಿ ನಿಜವಾದ ಉಪಯೋಗವು ಇರುವುದು ಬೇರೆ ಕಡೆ. ಆಕ್ಸಿನ್ ಹೇಗೆ ಕೆಲಸ ಮಾಡುವುದೆಂಬುದು ಬಹುಕಾಲ ತಿಳಿದಿರಲಿಲ್ಲ. ೨೦೦೫ರಲ್ಲಿ ಅಮೆರಿಕೆಯ ಇಂಡಿಯಾನದ ಒಂದು ತಂಡವೂ ಇಂಗ್ಲೆಂಡಿನ ಯಾರ್ಕಿನ ಒಂದು ತಂಡವೂ ಅದರ ಗ್ರಾಹಕವನ್ನು ಏಕಕಾಲದಲ್ಲಿ ಕಂಡುಹಿಡಿದುವು. ಜೀವಕೋಶದಲ್ಲಿ ಬೆಳವಣಿಗೆಗೆ ಬೇಕಾದ ವಂಶವಾಹಿಗಳನ್ನು ಕೆಲವು ಪ್ರೋಟೀನುಗಳು ತಡೆದು ನಿಲ್ಲಿಸಿರುವುವು. ಆಕ್ಸಿನ್ ಬಂದು, ಈ ತಡೆಯ ಪ್ರೋಟೀನನ್ನೂ ಗ್ರಾಹಕವನ್ನೂ ಅಂಟಿನಂತೆ ಒಂದುಗೂಡಿಸುವುದು. ಕೂಡಲೇ ತಡೆಯ ಪ್ರೋಟೀನು ನಾಶಕ್ಕೆ ಗುರಿಯಾಗುವುದು. ವಂಶವಾಹಿಗಳು ಬಿಡುಗಡೆ ಹೊಂದಿ ತಮ್ಮ ಕೆಲಸವನ್ನು ತಾವು ಮಾಡುವುವು. ಜಿಬ್ಬರೆಲಿನ್ನಿನ ಗ್ರಾಹಕವೂ ಅದೇ ವರ್ಷ ಜಪಾನಿನಲ್ಲಿ ಬತ್ತದ ಗಿಡದಲ್ಲಿ ಸಿಕ್ಕಿತು. ಅಲ್ಲಿಯೂ ಇದೇ ಬಗೆ. ಎಂದಮೇಲೆ ಚೋದಕವು ಬೆಳವಣಿಗೆಯನ್ನು ಉಂಟುಮಾಡುವುದಿಲ್ಲ; ಬೆಳವಣಿಗೆಯ ಅಡ್ಡಿಯನ್ನು ಕಳೆಯುವುದು. ಚಂದ್ರಕಾಂತಮಣಿಯು ಬಳಿಯಲ್ಲಿದ್ದರೆ ಬೆಂಕಿಯು ಸುಡದು, ಮಣಿಯನ್ನು ತೆಗೆದರೆ ಸುಡುವುದು. ಇಲ್ಲಿ ಸುಡುವ ಶಕ್ತಿಯೆಂಬ ಬೇರೊಂದು ಪದಾರ್ಥವನ್ನು ಒಪ್ಪಬೇಕೆಂದು ಮೀಮಾಂಸಕರೂ, ಪ್ರತಿಬಂಧಕದ ಅಭಾವವೇ ಕಾರಣಸಾಮಗ್ರಿಯಲ್ಲಿ ಸೇರುವುದೆಂದು ನೈಯಾಯಿಕರೂ ಹೇಳುವರು. ಅಭಾವವು ಕಾರಣವಾಗುವುದೆಂತು ಎಂದು ನಕ್ಕವರು ಬಹಳ ಮಂದಿ. ಗಿಡದ ಜೀವಕೋಶದಲ್ಲಿ ನಡೆಯುವ ವ್ಯವಹಾರವನ್ನು ಹೇಳುವುದಕ್ಕೆ ಪ್ರತಿಬಂಧಕಾಭಾವವೆಂಬ ಈ ಪದಕ್ಕಿಂತ ಅಡಕವಾದ ಮಾತು ಸಿಕ್ಕುವುದು ಕಷ್ಟ. ನೈಯಾಯಿಕರು ಆಕ್ಸಿನ್ನನ್ನು ಬಲ್ಲವರಲ್ಲ. ಆದರೆ ಅದನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ಬೇಕಾದ ಪರಿಭಾಷೆಯನ್ನು ಅವರು ಸಿದ್ಧವಾಗಿ ಇಟ್ಟುಹೋಗಿರುವರು.

ಡಾರ್ವಿನ್ನನ ಮೊದಲ ಪ್ರಶ್ನೆಗೆ ಉತ್ತರಗಳೂ ಒಂದೊಂದಾಗಿ ಸೇರುತ್ತ ಬಂದಿವೆ. ನೀಲಿಯ ಬೆಳಕನ್ನು ಅರಿಯುವ ಪ್ರೋಟೀನಿನ ವಂಶವಾಹಿಯು ೧೯೯೭ರಲ್ಲಿ ಗುರುತಿಸಲ್ಪಟ್ಟಿತು. ಆಕ್ಸಿನ್ನನ್ನು ಜೀವಕೋಶದಿಂದ ಹೊರಕ್ಕೆ ಸಾಗಿಸುವ ದ್ವಾರಪಾಲಕ ಪ್ರೋಟೀನೊಂದು ೧೯೯೮ರಲ್ಲಿ ತಿಳಿಯಿತು. ಅದು ಕೆಟ್ಟಾಗ ಗಿಡವು ಹೂವಿಲ್ಲದೆ ಗುಂಡುಸೂಜಿಯಂಥ ಬರಿಯ ಕಾಂಡವನ್ನು ತಳೆಯುವುದರಿಂದ ಆ ಪ್ರೋಟೀನಿಗೆ ಸೂಜಿಯ ಹೆಸರೇ ನಿಂತಿತು. ಬೆಳಕಿನ ಅರಿವಿನಿಂದ ಆಕ್ಸಿನ್ನಿನ ಹಂಚಿಕೆಯು ಬದಲಾಗುವ ನಡುವಣ ಮೆಟ್ಟಲುಗಳ ಶೋಧನೆಯು ಇನ್ನೂ ನಡೆದಿದೆ.

ಇಂಡೋಲ್ ಅಸಿಟಿಕ್ ಆಮ್ಲವು ಇಂದು ಎಲ್ಲ ಪುಸ್ತಕಗಳಲ್ಲಿಯೂ ಮುಖ್ಯವಾದ ಆಕ್ಸಿನ್. ಎ ಮತ್ತು ಬಿ ಗಳ ಹೆಸರು ಚರಿತ್ರೆಯನ್ನು ಬರೆಯುವವರಿಗಲ್ಲದೆ ಬೇಕಾಗಿಲ್ಲ. ‘ಹೆಟಿರೊ-ಆಕ್ಸಿನ್’ ಎಂಬ ಮಾತು ಮಾತ್ರ ಒಂದು ಕಡೆ ಉಳಿದುಕೊಂಡಿದೆ. ರಷ್ಯದ ಅಂಗಡಿಗಳಲ್ಲಿ, ಕಡ್ಡಿಗಳನ್ನು ನೆಟ್ಟಾಗ ಬೇಗ ಬೇರು ಬಿಡಲೆಂದು ತೋಟಗಾರರು ಕೊಳ್ಳುವ ಔಷಧದ ಪೊಟ್ಟಣಗಳ ಮೇಲೆ ಅದೇ ಹೆಸರು ಈಗಲೂ ಅಚ್ಚಾಗುತ್ತಿದೆ.